ಕೊನೆಯ ಸಾಲಿನ ಮನುಷ್ಯ ಬರೆಯುವ ನಮ್ಮ ಚರಿತ್ರೆ

ಶಹಾಬಾದದಲ್ಲಿ ನಾವು ಹದಿನೈದು ಮಂದಿ ಸೇರಿ ಕವಿತೆ ಓದುತ್ತಿದ್ದೆವು. ಫರ್ಸಿ ಹಾಸಿದ ಸಣ್ಣ ಕೋಣೆ, ಕಿರುಗುಟ್ಟುವ ಒಂದು ಫ್ಯಾನು, ಗೋಡೆಯ ಮೇಲೆ ಬಾಬಾಸಾಹೇಬರ ಪಟ. ಕೊನೆಯ ಸಾಲಿನಲ್ಲಿ ಹದಿನಾರನೆಯವನೊಬ್ಬ ಬಂದು ಕೂತ. ಯಾವ ಕವಿತೆಗೂ ಆತ ಚಪ್ಪಾಳೆ ತಟ್ಟಲಿಲ್ಲ. ಕವಿಯ ಹೆಸರು, ಊರು ಹೇಳಿದಾಗ ಮಾತ್ರ ಬಗ್ಗಿ ಬರೆದುಕೊಂಡ. ಚಹಾದ ಹೊತ್ತಿಗೆ ನಮ್ಮಲ್ಲೊಬ್ಬ ಹತ್ತಿರ ಹೋಗಿ, 'ಯಾವೂರ್ರಿ ಅಣ್ಣಾರ ನಿಮ್ದು?' ಅಂತ ಕೇಳಿದ. 'ಇಲ್ಲೇ ಬಾಜು.' 'ಏನ್ ಮಾಡ್ತೀರಿ?' 'ಸಾಹಿತ್ಯ ಅಂದ್ರ ಭಾಳ ಹುಚ್ಚು ನಮಗ.' ನಾವೆಲ್ಲ ನಕ್ಕೆವು. ಆತನೂ ನಕ್ಕ. ಚಹಾ ಕುಡಿದು ಹೋದ.

ಮೂರು ದಿನ ಬಿಟ್ಟು ನಗು ನಿಂತಿತು. ಸೇಡಂ ತಾಲೂಕಿನ ಹಳ್ಳಿಯೊಂದರ ಸಾಲಿ ಮಾಸ್ತರರು ಅವತ್ತು ನಮ್ಮ ಜೊತೆ ಕೂತಿದ್ದರು. ಅವರಿಗೆ ಮೇಲಿನವರಿಂದ ಮಾತು ಬಂತು: 'ಅಲ್ಲಿಗೆ ಯಾಕ ಹೋಗಿದ್ರಿ? ಎಂಥವರ ಜೋಡಿ ಕೂಡ್ತೀರಿ ನೋಡ್ಕೋರಿ.' ಬರವಣಿಗೆಯಲ್ಲಿ ಏನೂ ಇಲ್ಲ, ಬರೀ ಮಾತು. ಮಾಸ್ತರರು ಮುಂದಿನ ಓದಿಗೆ ಬರಲಿಲ್ಲ. ಫೋನು ಮಾಡಿದರೆ, 'ಮಗಳ ಲಗ್ನ ಗೊತ್ತು ಮಾಡಾಕತ್ತೀವಿ, ಈಗ ಬ್ಯಾಡಪಾ' ಎಂದರು. ಅವರ ಮಗಳಿಗೆ ಒಂಬತ್ತು ವರ್ಷ.

ಗೆಳೆಯರೇ, ನಮ್ಮ ಕಡೆ ಸಾದಾ ಅಂಗಿ ಹಾಕಿಕೊಂಡು ಹೆಸರು ಬರೆದುಕೊಳ್ಳುವ ಯಾರಿಗಾದರೂ ಜನ ಸಿಐಡಿ ಅಂತಾರ. ಖರೇ ಅಂದರೆ ಆತ ಜಿಲ್ಲಾ ಪೋಲೀಸಿನ ಸ್ಪೆಷಲ್ ಬ್ರಾಂಚಿನ ಒಬ್ಬ ಬಡಪಾಯಿ. ಆತನ ಚೀಟಿ ಎಸ್ಪಿ ಕಚೇರಿಗೆ, ಅಲ್ಲಿಂದ ಬೆಂಗಳೂರಿನ ರಾಜ್ಯ ಗುಪ್ತವಾರ್ತೆಗೆ, ಅಲ್ಲಿಂದ ಬೇಕಾದ್ದು ಮುಖ್ಯಮಂತ್ರಿಯ ಮೇಜಿಗೆ. ಇದಕ್ಕೆ ಬೇರೆಯಾಗಿ ದಿಲ್ಲಿಯ ಗುಪ್ತಚರ ದಳದ, ಅಂದರೆ ಐಬಿಯ, ಮಂದಿ ಇದ್ದಾರೆ. ಆ ಚೀಟಿ ಬರೆಯುವವನ ಮೇಲೆ ನಮಗೆ ಸಿಟ್ಟಿಲ್ಲ. ಆತನೂ ನಮ್ಮಂತೆ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನಿರಬಹುದು, ನಮ್ಮ ಕೇರಿಯವನೇ ಇರಬಹುದು. ನಮ್ಮ ಜಗಳ ಆ ಚೀಟಿ ಹೋಗಿ ಸೇರುವ ಕಪಾಟಿನ ಜೊತೆ. ಅದಕ್ಕೆ ಬೀಗ ಇದೆ, ಕಾನೂನು ಇಲ್ಲ.

ಈ ಬೇಹಿನ ಕೆಲಸ ನಮ್ಮ ಕೇರಿಗೆ ಹೊಸದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ಮುತ್ಯಾಗಳೇ ಈ ಸೀಮೆಯ ಬೇಹುಗಾರರಾಗಿದ್ದರು. ನಿಜಾಮನ ಕಾಲದ ಊರಿನಲ್ಲಿ ಮೇಲೆ ಮಾಲೀಪಾಟೀಲ, ಪೋಲೀಸ್ ಪಾಟೀಲ, ಲೆಕ್ಕಕ್ಕೆ ಕುಲಕರ್ಣಿ. ಕೆಳಗೆ ತಳವಾರ, ವಾಲೀಕಾರ, ಹೊಲಗೇರಿಯ ಕುಳವಾಡಿ. ಊರಿಗೆ ಹೊಸಬ ಬಂದರೆ ಗೌಡನಿಗೆ ಹೇಳಬೇಕು. ಸತ್ತರೆ ಹೇಳಬೇಕು, ಕಳುವಾದರೆ ಹೇಳಬೇಕು, ಹೊಲದ ಬಾಂದು ಎಲ್ಲಿದೆ ಎಂದು ತೋರಿಸಬೇಕು, ಸಾಹೇಬ ಬಂದರೆ ಗಂಟು ಹೊತ್ತು ಮುಂದಿನ ಊರಿನ ತನಕ ಓಡಬೇಕು. ಊರಿನ ಎಲ್ಲಾ ಗುಟ್ಟು ಗೊತ್ತಿದ್ದವನಿಗೆ ಊರೊಳಗೆ ಕಾಲಿಡಲು ಮಾತ್ರ ಹಕ್ಕಿರಲಿಲ್ಲ. ಕಣ್ಣು ನಮ್ಮದು, ನೋಡಿದ್ದರ ಲಾಭ ಅವರದು. ಕೂಲಿಯೋ, ರಾಶಿಯ ಹೊತ್ತಿನ ಆಯ, ಹಬ್ಬದ ದಿನ ಹಳಸಿದ ರೊಟ್ಟಿ, ಇದ್ದವರಿಗೆ ಒಂದು ತುಂಡು ಇನಾಮು ಹೊಲ. ಅದನ್ನೂ ಯಾರು ಉಳಿಸಿಕೊಂಡರು ಎಂದು ಚಿತ್ತಾಪುರ, ಚಿಂಚೋಳಿಯ ಹಳೆಯ ಪಹಣಿ ತೆಗೆಸಿ ನೋಡಿರಿ. ಮತ್ತೆ ಕಳುವಾದ ಮರುದಿನ ಮೊದಲು ಹೊಡೆಸಿಕೊಳ್ಳುವವನೂ ಅದೇ ಕಾವಲುಗಾರ: 'ನಿನಗ ಗೊತ್ತಿಲ್ದ ಯಾರ್ ಬರ್ತಾರಲೇ?'

ಈ ಬೇಹಿಗೆ ಶಾಸ್ತ್ರವನ್ನೂ ಬರೆದಿಟ್ಟಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಪ್ರತಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ, ಆರ್. ಶಾಮಶಾಸ್ತ್ರಿಗಳಿಗೆ, 1905ರಲ್ಲಿ. 1909ರಲ್ಲಿ ಅಚ್ಚಾಯಿತು. ಸನ್ಯಾಸಿಯ ವೇಷದವನು, ವ್ಯಾಪಾರಿಯ ವೇಷದವನು, ಬೇಸಾಯಗಾರನ ವೇಷದವನು, ವಿಷ ಹಾಕುವವನು ಎಂದು ಗೂಢಚಾರರ ದೊಡ್ಡ ಪಟ್ಟಿಯೇ ಅದರಲ್ಲಿದೆ. ಕುಬ್ಜರು, ಕಿವುಡರು, ಮೂಕರ ವೇಷದಲ್ಲೂ ಅರಮನೆಯೊಳಗೆ ಜನ ಬಿಡಬೇಕಂತೆ. ಯಾಕೆಂದರೆ ಅಂಥವರನ್ನು ಯಾರೂ ಮನುಷ್ಯರೆಂದು ಎಣಿಸಿ ಮಾತು ತಗ್ಗಿಸುವುದಿಲ್ಲ. ಆ ಲೆಕ್ಕ ಸರಿಯಾಗಿಯೇ ಇದೆ. ಕಂಡರೂ ಕಾಣದಂತೆ ಇಟ್ಟವರನ್ನೇ ಕಣ್ಣು ಮಾಡಿಕೊಳ್ಳುವ ಉಪಾಯ ಅದು.

ಬ್ರಿಟಿಷರು ಇದಕ್ಕೆ ಕಾಗದ ಸೇರಿಸಿದರು. 1830ರ ದಶಕದಲ್ಲಿ ಸ್ಲೀಮನ್ ಎಂಬ ಅಧಿಕಾರಿ ಠಗ್ಗರನ್ನು ಹಿಡಿಯಲು ಇಲಾಖೆ ಕಟ್ಟಿದ. ಹಿಡಿದವರಲ್ಲಿ ಒಬ್ಬನಿಗೆ ಮಾಫಿ ಕೊಡುವುದು, ಆತನ ಬಾಯಿಂದ ನೂರು ಹೆಸರು ಬರೆಸುವುದು, ಆ ಹೆಸರುಗಳ ವಂಶವೃಕ್ಷ ಬಿಡಿಸುವುದು. ಮುಂದೆ ನಮ್ಮ ಸುರಪುರದಲ್ಲಿ ಕಂಪನಿಯ ಪರವಾಗಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ನಿಜಾಮನ ಚಾಕರಿಯಲ್ಲಿದ್ದಾಗ ಇದೇ ವಿಷಯದ ಮೇಲೆ 1839ರಲ್ಲಿ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರು ಮಾಡಿದ. ಅಪರಾಧ ರಕ್ತದಲ್ಲಿ ಹರಿಯುತ್ತದೆ, ಅಪ್ಪನಿಂದ ಮಗನಿಗೆ ಬರುತ್ತದೆ ಎಂಬ ಮಾತು ಜಾತಿ ನಂಬುವ ದೇಶದಲ್ಲಿ ಯಾರಿಗೆ ಸುಳ್ಳೆನಿಸೀತು? 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಹುಟ್ಟಿದ ಕೂಸೇ ಕಳ್ಳ. ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಬೇಕು. ಹುಬ್ಬಳ್ಳಿ, ಗದಗಿನಲ್ಲಿ ಇವತ್ತಿಗೂ ಸೆಟ್ಲಮೆಂಟ್ ಎಂದು ಕರೆಯುವ ಓಣಿಗಳು ಆ ತಂತಿ ಬೇಲಿಯ ಕಾಲದವು. ಚಿಂಚೋಳಿಯ ಗುಡ್ಡದ ತಾಂಡಾಗಳ ಲಂಬಾಣಿಗರು ಎತ್ತಿನ ಮೇಲೆ ಉಪ್ಪು, ಧಾನ್ಯ ಸಾಗಿಸಿ ಬದುಕಿದವರು. ರೈಲು ಬಂದು ಆ ಬದುಕು ಮುರಿದ ಮೇಲೆ ಅವರೇ ಸಂಶಯದವರಾದರು. ನಿಜಾಮನ ರಾಜ್ಯದಲ್ಲಿ ಇದು ಹೇಗೆ ನಡೆಯಿತೆಂದು ಭಂಗ್ಯಾ ಭುಕ್ಯಾ ಪುಸ್ತಕವನ್ನೇ ಬರೆದಿದ್ದಾರೆ.

ಈಗ ತಾಳೆ ಹಾಕಿ ನೋಡಿ. 1887ರಲ್ಲಿ ಶಿಮ್ಲಾದ ದೊರೆಗಳು ರಾಜಕೀಯದ ಖಬರು ಕೂಡಿಹಾಕಲು ಸೆಂಟ್ರಲ್ ಸ್ಪೆಷಲ್ ಬ್ರಾಂಚ್ ಮಾಡಿದಾಗ ಅದನ್ನು ಇಟ್ಟದ್ದು ಇದೇ ಠಗ್ಗಿ ಇಲಾಖೆಯ ಮಗ್ಗುಲಿಗೆ. ಕಾಂಗ್ರೆಸ್ಸು ಹುಟ್ಟಿ ಆಗ ಎರಡು ವರ್ಷ. ಇವತ್ತಿನ ಐಬಿ ತನ್ನ ಹುಟ್ಟುವರ್ಷ ಅದೇ ಎನ್ನುತ್ತದೆ. ಅಂದರೆ ದೇಶದ ಕಣ್ಣು ಎಂದು ಹೇಳಿಕೊಳ್ಳುವ ಸಂಸ್ಥೆಯ ತೊಟ್ಟಿಲನ್ನು ಕಟ್ಟಿದ್ದು ಅಲೆಮಾರಿಯನ್ನು ಕಳ್ಳನೆಂದೂ ಸ್ವಾತಂತ್ರ್ಯ ಕೇಳಿದವನನ್ನು ದ್ರೋಹಿಯೆಂದೂ ಬರೆದ ಅದೇ ಕೈಗಳು. 1947ರಲ್ಲಿ ಬಾವುಟ ಬದಲಾಯಿತು, ಕಪಾಟು ಹಾಗೇ ಉಳಿಯಿತು. 1952ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ಹೋಯಿತು, ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದಲ್ಲಿ 1961ರಲ್ಲಿ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳಿಂದ ಜಾತಿಯ ಕಾಲಮ್ಮನ್ನು ಅಳಿಸಿರಿ, ವಿಮುಕ್ತ ಬುಡಕಟ್ಟಿನವರನ್ನು ಹುಟ್ಟು ಅಪರಾಧಿಗಳಂತೆ ಕಾಣಬೇಡಿರಿ ಎಂದು ಹೇಳಬೇಕಾಯಿತು. ಕಾಯ್ದೆ ಸತ್ತು 72 ವರ್ಷವಾದ ಮೇಲೆ!

ಬಾಬಾಸಾಹೇಬರನ್ನು ಬಿಟ್ಟರೇ? ಮಹಾರಾಷ್ಟ್ರ ಸರ್ಕಾರ 1982ರಲ್ಲಿ ಅವರ ಚಳವಳಿಯ ಆಧಾರ ಸಾಮಗ್ರಿಯ ಸಂಪುಟ ಹೊರತಂದಿತು. ಅದರಲ್ಲಿ ಮುಂಬಯಿ ಪೋಲೀಸರ ಗುಪ್ತ ವರದಿಗಳ ಪುಟ ಪುಟಗಳಿವೆ. ಯಾವ ಊರು, ಎಷ್ಟು ಮಂದಿ, ಏನು ಮಾತಾಡಿದರು. ಅವರ ಸಭೆಯಲ್ಲೂ ಕೊನೆಯ ಸಾಲಿನಲ್ಲಿ ಒಬ್ಬ ಕೂತಿದ್ದ. ನಮ್ಮ ಚರಿತ್ರೆಯನ್ನು ಪತ್ರಿಕೆಯವರು ಬರೆಯಲಿಲ್ಲ, ವಿಶ್ವವಿದ್ಯಾಲಯಗಳು ಬರೆಯಲಿಲ್ಲ. ಹೆದರಿದ ಪೋಲೀಸರು ಬರೆದರು! ವಾಡಿ ಸ್ಟೇಶನ್ನಿಗೆ ಬಾಬಾಸಾಹೇಬರು ಬಂದಿದ್ದರೆಂದು ಅಲ್ಲಿನ ಹಿರಿಯರು ನೆನೆಯುತ್ತಾರೆ. ಆ ಪ್ಲಾಟ್‌ಫಾರಮ್ಮಿನಲ್ಲೂ ನಿಜಾಮನ ಬೇಹಿನವನೊಬ್ಬ ಪೆನ್ಸಿಲು ಹಿಡಿದು ನಿಂತಿದ್ದನೇನೋ ಎಂದು ವಾಡಿಯಲ್ಲಿ ಗಾಡಿ ಬದಲಿಸುವಾಗೆಲ್ಲ ನಮಗೆ ಅನಿಸುತ್ತದೆ.

ಗುಟ್ಟಿನ ಫೈಲು ಬರೀ ಹೆಸರು ಕೂಡಿಡುವುದಿಲ್ಲ, ಸತ್ತವರನ್ನೂ ಮುಚ್ಚಿಡುತ್ತದೆ. ಇದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ರಜಾಕಾರರು ಈ ಸೀಮೆಯಲ್ಲಿ ಮಾಡಿದ ಲೂಟಿ, ಕೊಲೆ ನಮ್ಮ ಆಯಿಗಳ ಬಾಯಲ್ಲಿ ಇನ್ನೂ ಇದೆ. 1948ರ ಸೆಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆ ಎಂದು ಹೆಸರಿಟ್ಟು ಸೈನ್ಯ ಬಂತು. ಆಮೇಲೆ ನಡೆದದ್ದನ್ನು ನೋಡಿ ಬರಲು ನೆಹರೂ ಅವರು ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿದರು. ಕಡಿಮೆ ಅಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕು ಎಂದು ಆ ಸಮಿತಿ ಬರೆಯಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ್, ನಾಂದೇಡ್ ಜೊತೆಗೆ ಗುಲ್ಬರ್ಗಾದ ಹೆಸರಿತ್ತು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಬಡ ಮುಸಲ್ಮಾನರು ಎಂದು ಬೇರೆ ಹೇಳಬೇಕಿಲ್ಲ. ಸರ್ಕಾರ ವರದಿಯನ್ನು ಪ್ರಕಟಿಸಲಿಲ್ಲ. ತುಣುಕುಗಳು ಅಲ್ಲೊಂದು ಇಲ್ಲೊಂದು ಹೊರಬಂದವು. 2013ರಲ್ಲಷ್ಟೇ ಅದು ದಿಲ್ಲಿಯ ನೆಹರೂ ಸ್ಮಾರಕ ಸಂಗ್ರಹಾಲಯದಲ್ಲಿ ಓದುವವರ ಕೈಗೆ ಸಿಕ್ಕಿತು. 65 ವರ್ಷ! ನಮ್ಮ ಊರಿನಲ್ಲಿ ಏನಾಯಿತೆಂದು ಓದಲು ನಾವು ದಿಲ್ಲಿಗೆ ಹೋಗಬೇಕು. ಪ್ರತಿ ಸೆಪ್ಟೆಂಬರ್ 17ಕ್ಕೆ ನಮ್ಮ ಸಾಲಿಗಳಲ್ಲಿ ಬಾವುಟ ಹಾರಿಸಿ ಪೇಡೆ ಹಂಚುತ್ತಾರೆ. ಹಂಚಲಿ. ಸತ್ತ ರಜಾಕಾರನಲ್ಲದವನ ಲೆಕ್ಕವನ್ನೂ ಒಂದು ದಿನ ಮಕ್ಕಳಿಗೆ ಹೇಳಬೇಕಲ್ಲ?

ತುರ್ತುಪರಿಸ್ಥಿತಿಯ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಶಾ ಆಯೋಗದ ಲೆಕ್ಕದ ಪ್ರಕಾರ ಮೀಸಾ ಕೆಳಗೆ 34,988 ಜನ, ರಕ್ಷಣಾ ನಿಯಮಗಳ ಕೆಳಗೆ 75,818 ಜನ ಒಳಗೆ ಹೋದರು. ಬೆಂಗಳೂರಿನ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ದಮ್ಮಿನಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಐಬಿಯನ್ನು ಆಳುವ ಪಕ್ಷದ ಕೆಲಸಕ್ಕೆ ಹಚ್ಚಿದ್ದನ್ನು ಆ ಆಯೋಗವೂ ಬರೆದಿದೆ. ಬರೆದು ಏನಾಯಿತು? ಹೊರದೇಶದ ಖಬರಿಗೆಂದು 1968ರಲ್ಲಿ ಇಂದಿರಾಗಾಂಧಿಯವರು ಹುಟ್ಟುಹಾಕಿದ 'ರಾ' ಸಂಸ್ಥೆಗೂ ಪಾರ್ಲಿಮೆಂಟಿನ ಕಾಯ್ದೆ ಇಲ್ಲ, ಐಬಿಗೂ ಇಲ್ಲ. ಐಬಿಯಲ್ಲೇ ದುಡಿದು ನಿವೃತ್ತರಾದ ಆರ್.ಎನ್. ಕುಲಕರ್ಣಿ ಎಂಬುವರು ಈ ಸಂಸ್ಥೆಗೆ ಕಾನೂನಿನ ಬುನಾದಿ ಎಲ್ಲಿದೆ ಎಂದು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಕೇಳಿದರು. ಕೇಳಿದವರು ನಕ್ಸಲರಲ್ಲ, ನಮ್ಮ ಕೇರಿಯವರೂ ಅಲ್ಲ, ನೆನಪಿರಲಿ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಹೆಸರಿದೆ ಎನ್ನುತ್ತಾರೆ. ಹೆಸರಿರುವುದು ಕಾಯ್ದೆ ಮಾಡಲು ಅಧಿಕಾರ ಇದೆ ಎಂಬುದಕ್ಕೆ. ಕಾಯ್ದೆ ಮಾಡಿದ್ದೇವೆ ಎಂಬುದಕ್ಕಲ್ಲ. 2011ರಲ್ಲಿ ಮನೀಶ್ ತಿವಾರಿ ಖಾಸಗಿ ಮಸೂದೆ ತಂದರು, ಅದು ಎಲ್ಲಿಗೂ ಮುಟ್ಟಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೆಯ ಕಲಮು ಈ ದಳಗಳನ್ನು ಹೊರಗಿಟ್ಟಿತು. ರಾಜ್ಯಗಳಿಗೂ ತಮ್ಮ ಗುಪ್ತ ವಿಭಾಗಗಳನ್ನು ಹಾಗೆ ಹೊರಗಿಡುವ ಅಧಿಕಾರ ಕೊಟ್ಟಿತು. ಬಾವಿ ತೋಡಿಸಿದ ಬಿಲ್ಲು ಕೇಳಬಹುದು, ನಮ್ಮ ಹೆಸರಿನ ಮುಂದೆ ಏನು ಬರೆದಿದ್ದೀರಿ ಎಂದು ಕೇಳುವಂತಿಲ್ಲ.

ದೊಡ್ಡವರ ಕಿವಿಗೆ ಬಿಸಿ ತಟ್ಟಿದಾಗ ಮಾತ್ರ ರಾಜ್ಯ ಅಲುಗಾಡುತ್ತದೆ. ಫೋನು ಕದ್ದು ಕೇಳಿದ ಆರೋಪದ ಮೇಲೆ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟರು. 2021ರಲ್ಲಿ ಪೆಗಾಸಸ್ ಸುದ್ದಿ ಬಂದಾಗ, 2019ರಲ್ಲಿ ನಮ್ಮ ರಾಜ್ಯದ ಸಮ್ಮಿಶ್ರ ಸರ್ಕಾರ ಬೀಳುವ ಹೊತ್ತಿನಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರರ ನಂಬರು, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಸಂಭವನೀಯ ಗುರಿಗಳ ಪಟ್ಟಿಯಲ್ಲಿದ್ದವೆಂದು ಪತ್ರಿಕೆಗಳು ಬರೆದವು. ಸುಪ್ರೀಂ ಕೋರ್ಟಿನ ಸಮಿತಿ 29 ಫೋನು ನೋಡಿತು, ಐದರಲ್ಲಿ ಎಂಥದೋ ಕೆಟ್ಟ ತಂತ್ರಾಂಶ ಕಂಡಿತು, ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು 2022ರಲ್ಲಿ ಕೋರ್ಟೇ ಹೇಳಿತು. ದಲಿತ ನಾಯಕನೊಬ್ಬ ಉಪಮುಖ್ಯಮಂತ್ರಿಯಾದರೂ ಆತನ ಫೋನಿಗೆ ಕಿವಿ ಹಚ್ಚುತ್ತಾರೆ ಅಂದರೆ ನಮ್ಮ ಕವಿತೆಯ ಪಾಡೇನು ಎಂದು ನಾವು ಆಗ ಮಾತಾಡಿಕೊಂಡೆವು. 2023ರಲ್ಲಿ ಅವರೇ ಗೃಹಮಂತ್ರಿಯಾದರು. ಅದಕ್ಕೂ ಮೊದಲು ನಮ್ಮ ಜಿಲ್ಲೆಯ ಮಲ್ಲಿಕಾರ್ಜುನ ಖರ್ಗೆಯವರು ಗೃಹಮಂತ್ರಿಯಾಗಿದ್ದರು, ಜೇವರ್ಗಿಯ ಧರ್ಮಸಿಂಗ್ ಮುಖ್ಯಮಂತ್ರಿಯಾಗಿದ್ದರು. ಕುರ್ಚಿಯಲ್ಲಿ ನಮ್ಮವರು ಕೂತರು. ಕಪಾಟಿನ ಬೀಗದ ಕೈ ಕೇಳಿದವರು ಯಾರೂ ಕಾಣಲಿಲ್ಲ.

ಈ ಕಣ್ಣುಗಳು ಏನನ್ನು ನೋಡುತ್ತವೆ, ಏನನ್ನು ನೋಡುವುದಿಲ್ಲ? ಕುತ್ಲೂರಿನ ಮಲೆಕುಡಿಯ ಹುಡುಗ ವಿಠಲ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. 2012ರಲ್ಲಿ ಆತನನ್ನೂ ಆತನ ತಂದೆಯನ್ನೂ ನಕ್ಸಲರ ನಂಟಿನವರೆಂದು ಯುಎಪಿಎ ಕೆಳಗೆ ಹಿಡಿದರು. ವಶಪಡಿಸಿಕೊಂಡ ಸಾಮಾನಿನಲ್ಲಿ ಭಗತ್‌ಸಿಂಗರ ಪುಸ್ತಕ, ಚಹಾಪುಡಿ, ಸಕ್ಕರೆ. 2021ರ ಅಕ್ಟೋಬರಿನಲ್ಲಿ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು. ಒಂಬತ್ತು ವರ್ಷ. ಇಷ್ಟು ಚೊಕ್ಕವಾಗಿ ಚಹಾಪುಡಿ ಕಂಡುಹಿಡಿಯುವ ಕಣ್ಣಿಗೆ 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಬಾಗಿಲು ಬಡಿದವರು ಕಾಣಲಿಲ್ಲ. ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರಂದು, ಗೌರಿ ಲಂಕೇಶರ ಮನೆಯ ಮುಂದೆ ನಿಂತವರೂ ಕಾಣಲಿಲ್ಲ. ಎರಡೂ ಕೊಲೆಗೆ ಬಳಸಿದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಕೊಲೆಗಾರರನ್ನು ಹಿಡಿದದ್ದು ಆಮೇಲೆ ಕೂಡಿಸಿದ ವಿಶೇಷ ತನಿಖಾ ತಂಡ; ಮುಂಚೆ ತಡೆಯುವುದಕ್ಕೆಂದೇ ಸಂಬಳ ತಿನ್ನುವವರಲ್ಲ.

ಇಲ್ಲಿಯ ತನಕ ಓದಿದವರು ತಲೆ ಆಡಿಸಿರಬಹುದು. ಮುಂದಿನ ಮಾತು ನಮ್ಮವರಿಗೇ ಕಹಿಯಾದೀತು, ಆದರೂ ಹೇಳಬೇಕು. 2025ರ ಅಕ್ಟೋಬರಿನಲ್ಲಿ ಚಿತ್ತಾಪುರದಲ್ಲಿ ಆರ್‌ಎಸ್‌ಎಸ್ ಪಥಸಂಚಲನಕ್ಕೆ ತಹಸೀಲ್ದಾರರು ಶಾಂತಿ ಕೆಡಬಹುದೆಂದು ಅನುಮತಿ ಕೊಡಲಿಲ್ಲ. ಭೀಮ್ ಆರ್ಮಿಯವರೂ ಅದೇ ದಿನ ಮೆರವಣಿಗೆಗೆ ಅರ್ಜಿ ಹಾಕಿದ್ದರು. ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಿ, ನವೆಂಬರ್ 16ರಂದು ಷರತ್ತುಗಳ ಮೇಲೆ ಸಂಚಲನ ನಡೆಯಿತು. ಅನುಮತಿ ಸಿಗಲಿಲ್ಲ ಎಂಬ ಸುದ್ದಿ ಬಂದ ದಿನ ನಮ್ಮಲ್ಲಿ ಹಲವರು ಸಂತೋಷಪಟ್ಟೆವು. ಲಾಠಿ ಹಿಡಿದವರ ಸಾಲು ನಮ್ಮ ಕೇರಿಯ ಮುಂದೆ ಹಾದರೆ ನಮಗಾಗುವುದು ಏನೆಂದು ಹೊರಗಿನವರಿಗೆ ತಿಳಿಯದು. ಆ ಸಿದ್ಧಾಂತದ ಜೊತೆ ನಮ್ಮ ಜಗಳ ಸಾಯುವ ತನಕ ಇದ್ದದ್ದೇ. ಆದರೆ 'ಶಾಂತಿ ಕೆಡಬಹುದು' ಎಂಬ ಮಾತನ್ನು ನಾವು ಚೆನ್ನಾಗಿ ಬಲ್ಲೆವು. ಗುಡಿ ಪ್ರವೇಶಕ್ಕೆ ಹೋದಾಗ, ಊರ ನಡುವೆ ಬಾಬಾಸಾಹೇಬರ ಮೂರ್ತಿ ಕೇಳಿದಾಗ, ಭೀಮ ಜಯಂತಿಯ ಮೆರವಣಿಗೆ ಮೇಲಿನ ಓಣಿಯಿಂದ ಹಾಯಬೇಕೆಂದಾಗ ನಮಗೆ ಸಿಕ್ಕ ಉತ್ತರ ಅದೇ. ಆ ಎರಡು ಶಬ್ದದ ವರದಿಗೆ ಇವತ್ತು ನಾವು ಚಪ್ಪಾಳೆ ಹೊಡೆದರೆ ನಾಳೆ ಯಾವ ಬಾಯಿಂದ ಅದನ್ನು ಪ್ರಶ್ನಿಸೋಣ?

ಸೇಡಂದ ನಮ್ಮ ಮಾಸ್ತರರಿಗೆ ಒಂದು ಕೇಸಿನ ಕಥೆ ಹೇಳಬೇಕೆಂದಿದ್ದೆವು, ಅವರು ಫೋನು ಇಟ್ಟುಬಿಟ್ಟರು. ಇಲ್ಲೇ ಬರೆಯುತ್ತೇವೆ, ಓದಲಿ. ಮಧ್ಯಪ್ರದೇಶದ ಶಾಲಾ ಮಾಸ್ತರರೊಬ್ಬರನ್ನು 1974ರಲ್ಲಿ ಕೆಲಸದಿಂದ ತೆಗೆದರು. ಕಾರಣ, ಪೋಲೀಸರ ಗುಪ್ತ ವರದಿ: ಈತ ಹಿಂದೆ ಆರ್‌ಎಸ್‌ಎಸ್, ಜನಸಂಘದ ಕೆಲಸ ಮಾಡಿದ್ದ. ಹೌದು, ನಮ್ಮ ಎದುರು ಪಾಳಯದವರೇ. 1983ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ, ಇದು ಪೋಲೀಸ್ ರಾಜ್ಯವಲ್ಲ, ಹಳೆಯ ರಾಜಕೀಯ ಒಲವಿನ ಬಗ್ಗೆ ಪೋಲೀಸರ ಚೀಟಿ ನೋಡಿ ಅನ್ನ ಕಿತ್ತುಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟರು. ಅದೇ ಚಿನ್ನಪ್ಪ ರೆಡ್ಡಿಯವರೇ ಮುಂದೆ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ವರದಿ ಬರೆದವರು. ಮಾಸ್ತರರೇ, ಆ ತೀರ್ಪು ಆರ್‌ಎಸ್‌ಎಸ್‌ನವನಿಗೆ ಸಿಕ್ಕಿದ್ದು, ಆದರೆ ಅದು ನಿಮ್ಮದೂ ಹೌದು. ಕವಿತೆ ಕೇಳಿದ್ದಕ್ಕೆ ನಿಮ್ಮನ್ನು ಯಾರೂ ಕೇಳುವಂತಿಲ್ಲ. 2024ರ ಮೇ ತಿಂಗಳಲ್ಲಿ ಇನ್ನೊಂದು ಮಾತೂ ಅದೇ ಕೋರ್ಟಿನಿಂದ ಬಂದಿದೆ: ದಲಿತ, ಆದಿವಾಸಿ, ಹಿಂದುಳಿದವರ ಮುಗ್ಧರ ಹೆಸರನ್ನು ಜಾತಿ ನೋಡಿ ಯಾಂತ್ರಿಕವಾಗಿ ಹಿಸ್ಟರಿ ಶೀಟಿಗೆ ಸೇರಿಸದಂತೆ ರಾಜ್ಯಗಳು ನೋಡಿಕೊಳ್ಳಬೇಕು.

ಅದೇ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಕಾಳಿಯ ಮೂರ್ತಿಯ ಪೀಠವಾಗಿ ಕೂತಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿರುವುದು ತುಣುಕು, ಪೂರ್ಣ ಪಾಠ ಒಡಿಶಾದ ಧೌಲಿಯಲ್ಲಿದೆ. ಕಾರಣವಿಲ್ಲದೆ ಯಾರನ್ನೂ ಬಂಧನಕ್ಕೆ, ಹಿಂಸೆಗೆ ಗುರಿಮಾಡಬೇಡಿರಿ ಎಂದು ಆತ ತನ್ನ ಅಧಿಕಾರಿಗಳಿಗೆ ಹೇಳುತ್ತಾನೆ. ಅದನ್ನು ಜನರ ಕಿವಿಗೆ ಬೀಳುವಂತೆ ಓದಿಸಬೇಕು ಎಂದೂ ಹೇಳುತ್ತಾನೆ. ಆತನಿಗೂ ವರದಿಗಾರರಿದ್ದರು. ಆದರೆ ಅಧಿಕಾರಿಗೆ ಕೊಟ್ಟ ಆಜ್ಞೆಯನ್ನು ಕಲ್ಲಿನ ಮೇಲೆ, ದಾರಿ ಹೋಕರ ಕಣ್ಣಿಗೆ ಬೀಳುವಂತೆ ಕೆತ್ತಿಸಿದ. ನಮ್ಮ ಕಾಲದವರು ಅದನ್ನು ಲಕೋಟೆಯಲ್ಲಿ ಹಾಕಿ ಅರಗು ಒತ್ತುತ್ತಾರೆ.

ಹೊರಗಿನ ದೇಶಗಳ ಮಾತು ಒಂದಿಷ್ಟು. 1972ರಲ್ಲಿ ಮುಂಬಯಿಯ ಗೆಳೆಯರು ದಲಿತ ಪ್ಯಾಂಥರ್ ಎಂದು ಹೆಸರಿಟ್ಟುಕೊಂಡದ್ದು ಅಮೆರಿಕದ ಕರಿಯರ ಪ್ಯಾಂಥರ್ ನೋಡಿ. ಆ ಪ್ಯಾಂಥರಿನ ಷಿಕಾಗೋ ನಾಯಕ ಫ್ರೆಡ್ ಹ್ಯಾಂಪ್ಟನ್ 1969ರ ಡಿಸೆಂಬರ್ 4ರಂದು ಮಲಗಿದ್ದಲ್ಲೇ ಪೋಲೀಸರ ಗುಂಡಿಗೆ ಸತ್ತಾಗ ವಯಸ್ಸು 21. ಮನೆಯ ನಕ್ಷೆ ಬರೆದುಕೊಟ್ಟವನು ಸಂಘಟನೆಯ ಒಳಗೇ ಇದ್ದ ಎಫ್‌ಬಿಐ ಬೇಹುಗಾರ. ಅಲ್ಲಿ 1975ರಲ್ಲಿ ಸೆನೆಟ್ಟಿನ ಚರ್ಚ್ ಸಮಿತಿ ಫೈಲು ತೆಗೆಸಿತು. ಪೂರ್ವ ಜರ್ಮನಿ ಮುರಿದ ಮೇಲೆ 1992ರಿಂದ ಜನ ತಮ್ಮ ತಮ್ಮ ಫೈಲು ಓದಿದರು, ಗೆಳೆಯರ, ನೆಂಟರ ಅಕ್ಷರ ಗುರುತು ಹಿಡಿದರು. ಸಿಐಎ ಗುಟ್ಟಾಗಿ ಜಗತ್ತಿನ ಸಾಹಿತ್ಯ ಪತ್ರಿಕೆಗಳಿಗೆ ದುಡ್ಡು ಸುರಿದದ್ದು 1967ರ ಹೊತ್ತಿಗೆ ಬಯಲಾಯಿತು. (ನಮ್ಮ ಪತ್ರಿಕೆಗೆ ಅಮೆರಿಕದಿಂದ ಬಂದಿಲ್ಲ. ಚಂದಾದಾರರಿಂದಲೂ ಬಂದಿಲ್ಲ, ಅದನ್ನು ಕೊನೆಯ ಸಾಲಿನ ಅಣ್ಣ ಬರೆದುಕೊಳ್ಳಲಿ.)

ಈ ಬೇಹು ನಮಗೆ ಮಾಡಿದ ದೊಡ್ಡ ಕೇಡನ್ನು ಇನ್ನೂ ಹೇಳಿಲ್ಲ. ಹೇಳಲು ನಾಚಿಕೆ. ಮಾಸ್ತರರ ಸುದ್ದಿ ತಿಳಿದ ಮೇಲೆ ನಾವು ಒಬ್ಬರನ್ನೊಬ್ಬರು ನೋಡಲು ಸುರುಮಾಡಿದೆವು. ಯಾರು ಹೇಳಿರಬಹುದು? ಚಿಂಚೋಳಿ ಕಡೆಯ ತಾಂಡಾದಿಂದ ಬರುವ ಹುಡುಗನೊಬ್ಬನಿದ್ದ, ಚಂದ ಹಾಡುತ್ತಿದ್ದ. ಆತನ ಹತ್ತಿರ ಹೊಸ ಬೈಕು ಬಂದಿತ್ತು. ನಮ್ಮಲ್ಲೇ ಒಬ್ಬ, 'ಈ ರೊಕ್ಕ ಎಲ್ಲಿಂದ ಬಂತಪಾ?' ಎಂದು ಎಲ್ಲರ ಮುಂದೆ ಕೇಳಿಬಿಟ್ಟ. ಉಳಿದವರು ಸುಮ್ಮನಿದ್ದೆವು. ಹುಡುಗ ಏನೂ ಹೇಳದೆ ಎದ್ದು ಹೋದ. ಆತನ ಅಪ್ಪ ಅವ್ವ ಮೂರು ವರ್ಷ ಮುಂಬಯಿಯಲ್ಲಿ ಕಟ್ಟಡದ ಕೆಲಸ ಮಾಡಿ ಕೂಡಿಟ್ಟ ರೊಕ್ಕ ಅದೆಂದು ಆಮೇಲೆ ತಿಳಿಯಿತು. 1871ರ ಕಾಯ್ದೆಯನ್ನು ಬೈದು ಭಾಷಣ ಮಾಡುವ ನಾವು ಲಂಬಾಣಿ ಹುಡುಗನ ಹತ್ತಿರ ಹೊಸ ಗಾಡಿ ಕಂಡ ಕೂಡಲೇ ಠಾಣೆಯ ಮುನ್ಶಿಗಳಾದೆವು. ಸ್ಲೀಮನ್ನನ ಇಲಾಖೆಗೆ ಇದಕ್ಕಿಂತ ಹೆಚ್ಚಿನ ಗೆಲುವು ಬೇಕೇ?

ನಾವು ಕೇಳುವುದು ಹೆಚ್ಚಲ್ಲ. ಗುಪ್ತಚರ ದಳಗಳಿಗೆ ಪಾರ್ಲಿಮೆಂಟಿಗೆ ಉತ್ತರ ಹೇಳುವ ಕಾಯ್ದೆ ಬೇಕು. ರಾಜ್ಯದ ಸ್ಪೆಷಲ್ ಬ್ರಾಂಚು ಯಾರ ಹೆಸರು ಯಾಕೆ ಬರೆದಿದೆ ಎಂಬುದನ್ನು ಇಂತಿಷ್ಟು ವರ್ಷದ ಮೇಲೆ ಆ ಮನುಷ್ಯನಿಗೆ ತೋರಿಸಬೇಕು. ಬಾಯಿಮಾತಿನ ಎಚ್ಚರಿಕೆ ಕೊಡುವ ಮೇಲಿನವರು ಅದನ್ನು ಬರೆದು, ಸಹಿ ಹಾಕಿ ಕೊಡಬೇಕು. ಬರೆದುಕೊಡಿ ಎಂದರೆ ಅರ್ಧಕ್ಕರ್ಧ ಎಚ್ಚರಿಕೆಗಳು ಅಲ್ಲೇ ಸಾಯುತ್ತವೆ ಎಂಬುದನ್ನು ಹಳ್ಳಿಯ ಮಾಸ್ತರರು ಬರೆದಿಟ್ಟುಕೊಳ್ಳಲಿ.

ಮುಂದಿನ ಓದು ವಾಡಿಯಲ್ಲಿ ಇಟ್ಟುಕೊಂಡಿದ್ದೇವೆ. ಬಂದವರ ಹೆಸರು, ಊರುಗಳನ್ನು ಈ ಸಲ ನಾವೇ ದೊಡ್ಡ ದನಿಯಲ್ಲಿ ಓದುತ್ತೇವೆ; ಓದಬಾರದೆಂದವರದ್ದು ಬಿಟ್ಟು. ಒಂದು ಪ್ರತಿ ಕೊನೆಯ ಸಾಲಿಗೆ ಕೊಡುತ್ತೇವೆ, ಅಣ್ಣನಿಗೆ ಕೈನೋವು ತಪ್ಪಲಿ. ಚಹಾ ಆತನಿಗೂ ಇದೆ. ಅದಕ್ಕೂ ಮೊದಲು, ಬರುವ ಭಾನುವಾರ, ನಾವು ಐದಾರು ಮಂದಿ ಚಿಂಚೋಳಿ ಬಸ್ಸು ಹತ್ತಿ ಆ ತಾಂಡಾಕ್ಕೆ ಹೊರಟಿದ್ದೇವೆ. ಬೈಕಿನ ಮಾತು ಕೇಳಿದ ಗೆಳೆಯನೂ ಬರುತ್ತಿದ್ದಾನೆ.